ಬೆಂಚಿನ ಮೇಲೆ ಕೂರಿಸಿ ಹೋದವನು

ಅವಳನ್ನು ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ ಹೋಗಿಬಿಟ್ಟಿದ್ದ!

ಮಾತಿಲ್ಲ, ಕತೆಯಿಲ್ಲ. ಹಿಂತಿರುಗಿ ನೋಡಿದ ಗುರುತೂ ಇಲ್ಲ. ತಲೆಗೆ ನೀಲಿ ಟೋಪಿ, ಕೊರಳಲ್ಲಿ ಸೀಟಿ, ಮಡಿಲಲ್ಲಿ ಟಿಕೆಟ್ ಚೀಲ... ಪಾಪ, ಒಬ್ಬಳೇ ಕಾಯುತ್ತಾ ಕೂತಿದ್ದಾಳೆ. ಅವಳ ತಲೆಯ ಮೇಲೆ ಹೆಸರು ಮಿನುಗುತ್ತಿದೆ: ಗಡಿಬಿಡಿ.

ಪರದೆಯ ಈಚೆ ಕೂತಿದ್ದ ನಿಜವಾದ ಗಡಿಬಿಡಿಯ ಕಣ್ಣು ತುಂಬಿಬಂತು.

ಹೌದು, ಅದೊಂದು ವಿಡಿಯೋ ಗೇಮು. ಜಪಾನಿನಿಂದ ಬಂದದ್ದು. ಬೆರಳುದ್ದದ ಬೊಂಬೆಗಳು. ಅದಕ್ಕೆ ಯಾರಾದರೂ ಅಳುತ್ತಾರಾ ಅಂತ ನೀವು ನಗಬಹುದು. ನಗುವ ಮುಂಚೆ ಈ ಇಬ್ಬರ ಕಥೆಯನ್ನು ಸ್ವಲ್ಪ ಹಿಂದಿನಿಂದ ಕೇಳಿ.

ಮೂರು ವರ್ಷದ ಹಿಂದೆ, ಗೇಮುಗಳ ಬಗ್ಗೆ ಬರೆಯುವ ಆ ಪತ್ರಿಕೆಗೆ ಅವಳು ಸೇರಿದ ಮೊದಲ ದಿನವೇ ಜಗಳ.

"ರೀ, ನಿಲ್ಲಿಸ್ರೀ!"

ಎರಡೂ ಕಡೆ ಗುಂಡಿಗಳಿರುವ ಕಂಟ್ರೋಲರ್ ಹಿಡಿದು ಆಡುತ್ತಿದ್ದವಳು ಬೆಚ್ಚಿಬಿದ್ದು ತಿರುಗಿದಳು. ಟೀ ಲೋಟ ಹಿಡಿದ ಒಬ್ಬ ಉದ್ದನೆಯ ಮನುಷ್ಯ.

"ಏನಾಯ್ತು?"

"ಆಟದಲ್ಲಿ ಆ ಮುದುಕ ಮಾತಾಡ್ತಿದ್ದ. ನೀವು ಪಟಪಟ ಅಂತ ಗುಂಡಿ ಒತ್ತಿ ಅವನ ಬಾಯಿ ಮುಚ್ಚಿಸಿಬಿಟ್ರಿ. ಹನ್ನೊಂದು ಸಾಲು ಹಾರಿಸಿದ್ರಿ!"

"ಎಣಿಸ್ತಾ ನಿಂತಿದ್ರಾ? ಬೇರೆ ಕೆಲಸ ಇಲ್ವಾ ನಿಮಗೆ?"

"ಇದೇ ನನ್ನ ಕೆಲಸ. ಇವತ್ತಿಂದ ನಿಮ್ಮದೂ ಹೌದು. ಇಷ್ಟೊಂದು ಗಡಿಬಿಡಿ ಯಾಕೆ ನಿಮಗೆ?"

ಅವತ್ತೇ ಆ ಹೆಸರು ಅಂಟಿತು. ಅವಳೇನು ಸುಮ್ಮನಿರುವವಳೇ? ಪ್ರತಿ ಊರಿನ ಪ್ರತಿ ಬಾಗಿಲು ತಟ್ಟಿ, ಕೋಳಿ ಬೆಕ್ಕುಗಳನ್ನೂ ಬಿಡದೆ ಮಾತಾಡಿಸಿ ಆಡುವ ಅವನಿಗೆ ಆಮೆರಾಯರು ಅಂತ ಹೆಸರಿಟ್ಟಳು. ತಿಂಗಳೊಳಗೆ ಇಡೀ ಕಚೇರಿ ಇಬ್ಬರ ನಿಜವಾದ ಹೆಸರು ಮರೆತಿತ್ತು.

ಸಂಪಾದಕಿ ಮೇಡಂ ಇಬ್ಬರನ್ನೂ ಒಂದೇ ಅಂಕಣಕ್ಕೆ ಕಟ್ಟಿಹಾಕಿದರು. 'ಮೊದಲ ಹತ್ತು ಗಂಟೆ.' ಹೊಸ ಗೇಮು ಬಂದರೆ ಇಬ್ಬರೂ ಒಂದೇ ಯಂತ್ರದಲ್ಲಿ, ಸರದಿಯ ಮೇಲೆ, ಬೇರೆ ಬೇರೆಯಾಗಿ ಹತ್ತು ಗಂಟೆ ಆಡಬೇಕು. ಆಟ ಎಲ್ಲಿಗೆ ನಿಂತಿತೋ ಅಲ್ಲಿಗೆ ಕಾದಿಡುವ ಸೇವ್ ಜಾಗಗಳಲ್ಲಿ ಮೇಲಿನದು ಅವಳದು, ಕೆಳಗಿನದು ಅವನದು. ಬರೆದು ಕೊಡುವ ತನಕ ಒಬ್ಬರ ಸೇವ್ ಇನ್ನೊಬ್ಬರು ನೋಡಬಾರದು. ಆಮೇಲೆ ಎರಡು ಬರಹ ಅಕ್ಕಪಕ್ಕ ಅಚ್ಚಾಗುತ್ತವೆ.

ಹತ್ತು ಗಂಟೆ ಮುಗಿದ ನಿಮಿಷಕ್ಕೆ ಅವಳು ಎದ್ದುಬಿಡುತ್ತಿದ್ದಳು. ಮೂರು ವರ್ಷ, ಅರವತ್ತಕ್ಕೂ ಹೆಚ್ಚು ಗೇಮು. ಒಂದರ ಕೊನೆಯನ್ನೂ ನೋಡಿದವಳಲ್ಲ. ಅವನು ಮಾತ್ರ ಊಟದ ಬಿಡುವಿನಲ್ಲಿ ಕೂತು ಒಂದೊಂದನ್ನೂ ದಡ ಮುಟ್ಟಿಸುತ್ತಿದ್ದ.

"ಹತ್ತು ಗಂಟೆ ಸಾಕು ರೀ, ಯಾವ ಆಟದ ಬಣ್ಣ ಏನು ಅಂತ ಗೊತ್ತಾಗೋಕೆ."

"ನಿಮ್ಮನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಎಷ್ಟು ಗಂಟೆ ಬೇಕಾಗಬಹುದು?"

ಅವಳ ಕೆನ್ನೆ ಬಿಸಿಯಾಯಿತು.

ಮತ್ತೆ ಅವನಿಗೊಂದು ಅಭ್ಯಾಸವಿತ್ತು. ಇಂಥ ಆಟಗಳಲ್ಲಿ ನಾಯಕನ ಜೊತೆ ನಡೆಯುವವರಿಗೆ ನಾವೇ ಹೆಸರಿಡಬಹುದು. ಯಾವ ಆಟವಿರಲಿ, ಮೊದಲು ಸಿಗುವ ಜೊತೆಗಾರ್ತಿಗೆ ಅವನು ಇಡುತ್ತಿದ್ದದ್ದು ಒಂದೇ ಹೆಸರು. ಮಂತ್ರವಾದಿನಿ ಗಡಿಬಿಡಿ. ಕತ್ತಿಯ ಹುಡುಗಿ ಗಡಿಬಿಡಿ. ಒಮ್ಮೆ ಹಾರುವ ಹಂದಿಗೂ ಅದೇ ಹೆಸರಿಟ್ಟು ಎರಡು ದಿನ ಅವಳ ಕಣ್ಣಿಗೆ ಬೀಳದೆ ಓಡಾಡಿದ್ದ!

ಹೊರಗೆ ಕೋಪ. ಒಳಗೆ? ಪ್ರತಿ ಹೊಸ ಗೇಮು ಬಂದಾಗಲೂ, 'ಈ ಸಲ ನಾನು ಯಾರಾಗಿರಬಹುದು?' ಅಂತ ಅವಳ ಮನಸ್ಸು ಚಡಪಡಿಸುತ್ತಿತ್ತು.

ಪ್ರೀತಿ ಅಂದರೆ ಇದೇನಾ ಅಂತ ಅವಳು ಅಕ್ಕನನ್ನು ಕೇಳಿದಳು. ಇಬ್ಬರೂ ಒಂದೇ ಮನೆಯಲ್ಲಿದ್ದರು.

"ಹಂದಿಗೆ ನಿನ್ನ ಹೆಸರಿಟ್ಟೋನ ಮೇಲಾ?" ಅಕ್ಕ ಬಟ್ಟೆ ಮಡಚುತ್ತಾ ನಕ್ಕಳು. "ಹಾಗಾದ್ರೆ ಗ್ಯಾರಂಟಿ ಪ್ರೀತಿನೇ ಕಣೆ. ಹೋಗಿ ಹೇಳು."

ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಒಂದು ಸಂಜೆ ಕಚೇರಿಯಿಂದ ಬಸ್ ನಿಲ್ದಾಣದ ತನಕ ಇಬ್ಬರೇ ನಡೆಯುವಾಗ, ಎದೆ ಗಟ್ಟಿಮಾಡಿಕೊಂಡು, ಪಕ್ಕದಲ್ಲಿ ತೂಗುತ್ತಿದ್ದ ಅವನ ಬಲಗೈಯನ್ನು ಮೆಲ್ಲಗೆ ಹಿಡಿದಳು.

ಅವನು ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ! ನೆಟ್ಟಗೆ ಮುಂದೆ ನೋಡುತ್ತಾ ಬಸ್ಸು ಯಾಕೆ ದಿನಾ ತಡ ಅನ್ನುವ ಮಾತನ್ನೇ ಮುಂದುವರಿಸಿದ. ಆ ಕೈ ಅವಳ ಬೆರಳುಗಳ ನಡುವೆ ಮರದ ತುಂಡಿನ ಹಾಗೆ ಸುಮ್ಮನಿತ್ತು.

ಹತ್ತು ಹೆಜ್ಜೆ... ಹನ್ನೆರಡು ಹೆಜ್ಜೆ... ಅವಳೇ ಬಿಟ್ಟುಬಿಟ್ಟಳು.

ಆಮೇಲೆ ಅವನು ದೂರವಾಗುತ್ತಾ ಹೋದ. ಟೀಗೆ ಕರೆದರೆ ಕೆಲಸ ಇದೆ ಎಂದ. ಜೊತೆಯಲ್ಲಿ ಹೊರಟರೆ ನೀವು ಮುಂದೆ ಹೋಗಿ ಎಂದ. 'ಕೈ ಹಿಡಿದು ತಪ್ಪು ಮಾಡಿದೆ. ಅವನಿಗೆ ಇಷ್ಟವಿಲ್ಲ. ಹೇಳೋಕೆ ಮುಜುಗರ...' ಅವಳು ದಿಂಬಿಗೆ ಮುಖ ಒತ್ತಿ ಅತ್ತಳು.

ಆಗ ಬಂತು ಈ ವಿಚಿತ್ರ ಗೇಮು.

ನಾಯಕ ವೀರನಲ್ಲ, ಶೂರನಲ್ಲ. ಕೊಡೆ ರಿಪೇರಿ ಮಾಡುವವನು! ಶತ್ರುಗಳೋ, ಜನ ಬಳಸಿ ಬಿಸಾಡಿದ ಸಾಮಾನುಗಳು. ಮುನಿಸಿಕೊಂಡ ಫ್ರಿಜ್ಜು, ಯಾರೂ ಥ್ಯಾಂಕ್ಸ್ ಹೇಳಲಿಲ್ಲವೆಂದು ಹುಚ್ಚು ಹಿಡಿದ ಲಿಫ್ಟು. ಕಾದಾಟದಲ್ಲಿ ಹೊಡೆಯಬಹುದು, ಕ್ಷಮೆ ಕೇಳಬಹುದು, ಇಲ್ಲವೇ ಸುಮ್ಮನೆ ಪಕ್ಕದಲ್ಲಿ ಕೂರಬಹುದು. ನಮ್ಮ ಸರದಿ ಬಂದಾಗ ಆಟ ನಿಂತು ಕಾಯುತ್ತದೆ. ಗಂಟೆಗಟ್ಟಲೆ ಯೋಚಿಸಿದರೂ ಯಾರೂ ಬಯ್ಯುವುದಿಲ್ಲ. ಜೊತೆಗಾರ್ತಿ, ತನ್ನ ಬಸ್ಸನ್ನೇ ಕಳೆದುಕೊಂಡ ಒಬ್ಬ ಕಂಡಕ್ಟರಮ್ಮ.

ಅವಳು ಹತ್ತು ಗಂಟೆ ಆಡಿ ಮುಗಿಸಿದಳು. ಬರೆಯಲು ಕೂತಾಗ ಬೆರಳು ಸುಮ್ಮನಿರಲಿಲ್ಲ. 'ಈ ಸಲವೂ ನನ್ನ ಹೆಸರಿದೆಯಾ? ಒಂದೇ ಒಂದು ಸಲ ನೋಡಿಬಿಡಲಾ?' ಮೂರು ವರ್ಷದಲ್ಲಿ ಮೊದಲ ಬಾರಿ ನಿಯಮ ಮುರಿದು ಸೇವ್‌ಗಳ ಪಟ್ಟಿ ತೆಗೆದಳು.

ಅವನು ಆಗಲೇ ಹತ್ತು ಗಂಟೆ ದಾಟಿ ಬಹಳ ಮುಂದೆ ಹೋಗಿದ್ದ. ಸೇವ್ ಪಕ್ಕದ ಸಣ್ಣ ಚಿತ್ರದಲ್ಲಿ ಕೊಡೆಯವನು ಬೆಟ್ಟದ ದಾರಿಯಲ್ಲಿ ಒಬ್ಬನೇ. ಪಕ್ಕದ ಇನ್ನೊಂದು ಚಿತ್ರದಲ್ಲಿ ಕಂಡಕ್ಟರಮ್ಮ ಎಲ್ಲೋ ಹಿಂದೆ, ಬಸ್ ನಿಲ್ದಾಣದ ಬೆಂಚಿನ ಮೇಲೆ. ಹೆಸರು ಮಾತ್ರ ಅದೇ.

'ಇಟ್ಟಿದ್ದಾನೆ. ಇಟ್ಟು... ಬಿಟ್ಟಿದ್ದಾನೆ.'

ಅಷ್ಟರಲ್ಲಿ ಸಂಪಾದಕಿ ಮೇಡಂ ಬಾಗಿಲಲ್ಲಿ ನಿಂತರು. "ನೋಡಮ್ಮಾ, ಇನ್ಮೇಲೆ ಅಂಕಣ ನೀನೊಬ್ಬಳೇ ಬರಿ. ಜೋಡಿ ಬರಹ ಬೇಡ, ಅವಳು ಒಬ್ಬಳೇ ಚೆನ್ನಾಗಿ ಮಾಡ್ತಾಳೆ ಅಂದ ಅವನು."

"ಬೇಡ ಅಂದ್ರಾ? ಅವರೇ?"

"ಹೂಂ, ಅವನೇ."

ಬೆಂಚಿನ ಚಿತ್ರ ಇನ್ನೂ ಪರದೆಯ ಮೇಲಿತ್ತು. ಕೋಪ ಅವಳ ಕೈ ಹಿಡಿದು ಬರೆಸಿತು. ಗೇಮಿನ ಬಗ್ಗೆ ಹೊಗಳಿ ಬರೆದು, ಕೊನೆಯಲ್ಲಿ ಇಷ್ಟು ಸೇರಿಸಿದಳು: "ಜೊತೆ ಬಂದವಳನ್ನು ಬೇಡವಾದಾಗ ಬೆಂಚಿನ ಮೇಲೆ ಕೂರಿಸಿ ಹೋಗಲು ಈ ಆಟದಲ್ಲಿ ಅವಕಾಶವಿದೆ. ಅಂಥ ಹೃದಯವಿಲ್ಲದವರಿಗೆ ಈ ಆಟ ಬಹಳ ಹಿಡಿಸುತ್ತದೆ. ನಮ್ಮಲ್ಲೂ ಒಬ್ಬರಿದ್ದಾರೆ."

ಮರುದಿನ ಬೆಳಿಗ್ಗೆ ಅದು ಹೊರಬಂತು. ಅವನು ತನ್ನ ಮೇಜಿನಲ್ಲಿ ಕೂತು ಎರಡು ಸಲ ಓದಿದ. ಅವಳು ಕಂಬದ ಮರೆಯಿಂದ ನೋಡುತ್ತಿದ್ದಳು. 'ಬಯ್ಯಲಿ. ಬಂದು ಜಗಳ ಆಡಲಿ. ಏನಾದರೂ ಒಂದು ಹೇಳಲಿ!'

ಮಧ್ಯಾಹ್ನ ಅವನು ತನ್ನ ಕಪಾಟಿನ ಬೀಗದ ಕೈಯನ್ನು ಮೇಡಂ ಮೇಜಿನ ಮೇಲಿಟ್ಟು, ಟೀ ಲೋಟ ತೊಳೆದು ಬೋರಲು ಹಾಕಿ, ಹೊರಟುಹೋದ. ಮತ್ತೆ ಬರಲಿಲ್ಲ.

ಎರಡು ವಾರ ಆ ಲೋಟ ಹಾಗೇ ಬೋರಲಾಗಿತ್ತು. ಬೇರೆ ಯಾರೋ ಅದನ್ನು ಎತ್ತಿಕೊಳ್ಳಹೋದಾಗ ಅವಳು "ಅದು ಬೇಡ!" ಎಂದು ಎಷ್ಟು ಜೋರಾಗಿ ಕಿರುಚಿದಳೆಂದರೆ ಅರ್ಧ ಕಚೇರಿ ತಿರುಗಿ ನೋಡಿತು. ಮನೆಗೆ ಹೋದರೆ ಅಕ್ಕ ತಟ್ಟೆ ಮುಂದಿಟ್ಟು ಬಯ್ಯುತ್ತಿದ್ದಳು. "ಕನ್ನಡಿ ನೋಡ್ಕೊಂಡಿದ್ದೀಯಾ? ಮುಖ ಅನ್ನೋದು ಬತ್ತಿ ಹೋಗಿದೆ. ಫೋನ್ ಮಾಡೇ ಅವನಿಗೆ!"

"ಯಾವ ಮುಖ ಇಟ್ಕೊಂಡು ಮಾಡ್ಲಿ ಅಕ್ಕಾ? ಊರೆಲ್ಲಾ ಓದೋ ಹಾಗೆ ಬರೆದುಬಿಟ್ಟೆ..."

ಮೂರನೇ ವಾರ ಮೇಡಂ ಕರೆದರು. "ಆ ಕೊಡೆ ಗೇಮಿನ ಪೂರ್ತಿ ವಿಮರ್ಶೆ ಬೇಕು ಅಂತ ಓದುಗರು ಜೀವ ತಿಂತಿದ್ದಾರೆ. ಅವನ ಸೇವ್ ಮುಕ್ಕಾಲು ದಾರಿ ದಾಟಿದೆ. ಅಲ್ಲಿಂದಲೇ ಮುಂದುವರಿಸಿ ಮುಗಿಸು."

ಅವಳು ಕೆಳಗಿನ ಸೇವ್ ತೆರೆದಳು.

ಕೊಡೆಯವನು ಬೆಟ್ಟದ ದಾರಿಯಲ್ಲಿ ನಿಂತಿದ್ದ. ಅವಳು ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಂದು ಗುಂಡಿ... ಇಲ್ಲ. ಕಂಟ್ರೋಲರ್ ಕೆಟ್ಟಿತೇನೋ ಎಂದು ಕುಟ್ಟಿ ನೋಡಿದಳು. ಉಹೂಂ!

ಕೊನೆಗೆ ಗುಂಡಿಗಳ ಜೋಡಣೆಯ ಪುಟ ತೆಗೆದಳು. ಈ ಆಟದಲ್ಲಿ ಅದೂ ಸೇವ್ ಜೊತೆಗೇ ಉಳಿಯುತ್ತದೆ.

ಬಲಗಡೆಯ ನಾಲ್ಕು ಗುಂಡಿಗಳೂ ಖಾಲಿ. ಒಪ್ಪು, ಬೇಡ, ನಡೆ, ಮಾತಾಡು... ಎಲ್ಲವನ್ನೂ ಅವನು ಎಡಗಡೆಗೆ ಸಾಗಿಸಿದ್ದ. ಒಂದನ್ನೂ ಬಿಡದೆ!

ಅವಳಿಗೆ ಮೊದಲು ಅರ್ಥವಾಗಲಿಲ್ಲ. 'ಎಡಗೈ ಒಂದರಲ್ಲೇ ಯಾಕೆ ಆಡಬೇಕು? ಅವನೇನು ಎಡಚನಲ್ಲವಲ್ಲ...'

ಮರುಕ್ಷಣ ಒಂದೊಂದೇ ನೆನಪಾಗತೊಡಗಿತು. ಈಚೆಗೆ ಟೀ ಲೋಟ ಸದಾ ಎಡಗೈಯಲ್ಲಿ. ಸಹಿ ಹಾಕುವಾಗ ಅವನ ಬೆನ್ನು ಎಲ್ಲರ ಕಡೆಗೆ. ಪೆನ್ನು ಬಿದ್ದಾಗ, ಕೈಯಿಂದ ಜಾರಿದ್ದೇ ತಿಳಿಯದವನ ಹಾಗೆ ಅರೆಗಳಿಗೆ ಬರಿಗೈ ನೋಡಿಕೊಂಡದ್ದು.

ಮತ್ತೆ ಆ ಸಂಜೆ. ಹನ್ನೆರಡು ಹೆಜ್ಜೆ.

"ಅಯ್ಯೋ..."

ಅವನು ಹಿಡಿಯದೇ ಇದ್ದದ್ದಲ್ಲ. ಅವಳು ಹಿಡಿದಿದ್ದೇ ಅವನಿಗೆ ಗೊತ್ತಾಗಿರಲಿಲ್ಲ!

ಅವಳು ಎರಡೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. 'ಮೂರು ವರ್ಷ ಪಕ್ಕದಲ್ಲೇ ಕೂತಿದ್ದೆ. ಅವನ ಕೈ ಸೋಲುತ್ತಿರುವುದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ... ನಾನೇ ಹೃದಯವಿಲ್ಲದವಳು!'

ಗುಂಡಿಗಳನ್ನು ಮೊದಲಿನಂತೆ ಮಾಡಿಕೊಂಡರೆ ಆಟ ಸಲೀಸು. ಅವಳು ಮಾಡಿಕೊಳ್ಳಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಲ್ಲೇ ಆಡಲು ಕೂತಳು. ಹತ್ತು ನಿಮಿಷಕ್ಕೆ ಹೆಬ್ಬೆರಳು ನೋಯತೊಡಗಿತು. ಪಟಪಟ ಒತ್ತಿ ಮಾತು ಹಾರಿಸಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಓದಿದಳು.

ಆಟದೊಳಗೆ ಕೊಡೆಯವನದೊಂದು ಡೈರಿ. ನಡೆದ ಮಾತುಕತೆಯೆಲ್ಲ ಅದರಲ್ಲಿ ತಾನಾಗಿ ದಾಖಲಾಗುತ್ತದೆ. ಜನ್ಮದಲ್ಲಿ ಅಂಥದ್ದನ್ನು ತೆರೆಯದವಳು ಮೊದಲ ಪುಟದಿಂದ ಶುರುಮಾಡಿದಳು. ಹದಿನಾಲ್ಕನೇ ಗಂಟೆಯ ಪುಟದಲ್ಲಿ, ಸುರಂಗದ ಬಾಯಲ್ಲಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ತಪಾಸಣೆ ಮಾಡುವ ಒಂದು ಮುದಿ ಬೆಕ್ಕು ಕೊಡೆಯವನಿಗೆ ಹೀಗೆ ಹೇಳಿತ್ತು:

"ಮುಂದೆ ಸುರಂಗಗಳು ಬಹಳ. ನಿನ್ನ ಜೊತೆ ನಡೆದವರು ಒಂದೊಂದು ಸುರಂಗಕ್ಕೆ ಒಂದೊಂದು ನೆನಪು ಕಳೆದುಕೊಳ್ಳುತ್ತಾರೆ. ಇವಳ ಬಸ್ಸಿನ ದಾರಿ, ಇವಳ ಮನೆ, ಎಲ್ಲ ಹೋಗುತ್ತದೆ. ಅದು ಬೇಡವೆಂದರೆ ಇವಳನ್ನು ಇಲ್ಲೇ ಕೂರಿಸು."

ಕೆಳಗೆ ಆಟ ಇನ್ನೊಂದು ಸಾಲು ದಾಖಲಿಸಿತ್ತು. ಉತ್ತರ ಆರಿಸಲು ಅವನು ತೆಗೆದುಕೊಂಡ ಸಮಯ: ನಲವತ್ತೊಂದು ನಿಮಿಷ.

ಒಂದು ಗುಂಡಿ ಒತ್ತಲು ನಲವತ್ತೊಂದು ನಿಮಿಷ!

ಬಾಣದ ಗುರುತು ಬೆಟ್ಟದ ಕಡೆ ಮುಂದಕ್ಕೆ ತೋರಿಸುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಕೊಡೆಯವನನ್ನು ಹಿಂದಕ್ಕೆ ತಿರುಗಿಸಿದಳು. ಒಂದು ಬೆಳಗಿಡೀ ಒಂದೊಂದೇ ಸುರಂಗ ದಾಟಿ, ಎಲ್ಲರನ್ನೂ ಮಾತಾಡಿಸುತ್ತಾ, ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮುಂದೆ ಬಂದು ನಿಂತಳು.

ಕಂಡಕ್ಟರಮ್ಮ ತಲೆಯೆತ್ತಿದಳು. ಪರದೆಯಲ್ಲಿ ಎರಡು ಆಯ್ಕೆ. ಸುಮ್ಮನೆ ಹೋಗು. ಕೇಳು.

ಕೋಳಿ ಬೆಕ್ಕುಗಳನ್ನೂ ಬಿಡದೆ ಮಾತಾಡಿಸುವ ಆ ಮನುಷ್ಯ ಇವಳ ಹತ್ತಿರ ಮಾತ್ರ ಒಮ್ಮೆಯೂ ಹಿಂತಿರುಗಿ ಬಂದಿರಲಿಲ್ಲ. ಅವಳು 'ಕೇಳು' ಒತ್ತಿದಳು.

"ಜೊತೆಗೆ ಬಂದರೆ ನೀನು ಒಂದೊಂದೇ ಮರೆಯುತ್ತೀಯ," ಎಂದ ಕೊಡೆಯವನು. "ಅದಕ್ಕೇ ಬಿಟ್ಟುಹೋದೆ."

ಕಂಡಕ್ಟರಮ್ಮ ಸೀಟಿ ಊದಿದಳು. "ಕೊನೆಗೂ ಕೇಳಿದೆಯಾ? ನೆನಪು ನನ್ನದು. ಕಳೆದುಕೊಳ್ಳಬೇಕೋ ಇಟ್ಟುಕೊಳ್ಳಬೇಕೋ ಅಂತ ನಾನಲ್ಲವೇ ಹೇಳಬೇಕಾದವಳು?"

ಅವಳಿಗೆ ಮುಂದೆ ಓದಲಾಗಲಿಲ್ಲ. ಅಲ್ಲಿಗೇ ಸೇವ್ ಮಾಡಿ ಯಂತ್ರದ ತಂತಿಗಳನ್ನು ಕಿತ್ತಳು.

"ಯಂತ್ರ ಎಲ್ಲಿಗೆ ತಗೊಂಡು ಹೊರಟೆ?" ಮೇಡಂ ಗಾಬರಿಯಾದರು.

"ವಿಮರ್ಶೆ ಬರೆಯೋಕೆ ಮೇಡಂ. ಇದನ್ನ ಒಬ್ಬಳೇ ಆಡೋಕೆ ಆಗಲ್ಲ!"

ಬಾಗಿಲು ತೆರೆದದ್ದು ಅವನ ತಾಯಿ. ಅವಳ ತೋಳಲ್ಲಿದ್ದ ಯಂತ್ರವನ್ನೂ ಕೆಂಪಾದ ಕಣ್ಣನ್ನೂ ನೋಡಿ, "ನೀನೇನಾ ಗಡಿಬಿಡಿ?" ಎಂದರು. "ಬಾಮ್ಮಾ. ಇಷ್ಟು ತಡವಾ?"

ಅವನು ಕಿಟಕಿಯ ಬಳಿ ಕೂತು ಅಂಗಿಯ ಗುಂಡಿಯೊಂದನ್ನು ಎಡಗೈಯಲ್ಲಿ ಹಾಕಲು ಹೆಣಗುತ್ತಿದ್ದ. ಅವಳನ್ನು ಕಂಡದ್ದೇ ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡ.

"ಬಚ್ಚಿಡಬೇಡಿ. ನನಗೆ ಗೊತ್ತಾಯ್ತು."

"ಯಾರು ಹೇಳಿದ್ರು?"

"ನಿಮ್ಮ ಸೇವು."

ಅವನು ಕಣ್ಣು ಮುಚ್ಚಿಕೊಂಡ. "ಅದನ್ನ ಬದಲಾಯಿಸಿ ಬರೋಕೆ ಮರೆತೆ."

"ಯಾವಾಗಿಂದ?"

"ಏಳು ತಿಂಗಳಾಯ್ತು. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆಯಂತೆ. ಮುಂದಿನ ತಿಂಗಳು ಆಪರೇಷನ್. ಕೈ ಮತ್ತೆ ಬರಬಹುದು, ಬರದೇನೂ ಇರಬಹುದು... ಡಾಕ್ಟ್ರೇ ಹಾಗೆ ಹೇಳ್ತಾರೆ."

"ಅದಕ್ಕೆ ನನ್ನನ್ನ ಬೆಂಚಿನ ಮೇಲೆ ಕೂರಿಸಿದ್ರಾ?" ಅವಳ ದನಿ ಒಡೆಯಿತು. "ಅಂಕಣ ಬೇಡ ಅಂದ್ರಿ, ಟೀ ಬೇಡ ಅಂದ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ?"

"ಕೇಳಿದ್ರೆ ನೀವು ಬರ್ತೀನಿ ಅಂತಿದ್ರಿ. ಅದೇ ಭಯ ನನಗೆ. ಮುಂದೆ ಕೈಲಾಗದವನ ಜೊತೆ ನಿಮ್ಮ ಬದುಕು ಯಾಕೆ..."

"ನನ್ನ ಬದುಕಿಗೆ ನೀವ್ಯಾರು ರೀ ತೀರ್ಮಾನ ಮಾಡೋಕೆ!"

ಕೂಗಿದವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. "ನಾನು ಹಾಗೆ ಬರೀಬಾರದಿತ್ತು. ಊರೆದುರಿಗೆ ನಿಮ್ಮನ್ನ... ಹತ್ತೇ ಗಂಟೆ ನೋಡಿ ಬರೆದುಬಿಟ್ಟೆ. ಕ್ಷಮಿಸಿಬಿಡಿ."

ಅವನು ಎದ್ದು ಬಂದು ಅವಳೆದುರು ನೆಲದ ಮೇಲೆ ಕೂತ. "ತಪ್ಪು ಬರೆದಿರಲಿಲ್ಲ. ಕೂರಿಸಿ ಹೋಗಿದ್ದು ನಿಜ ತಾನೇ?"

"ಆ ಸಂಜೆ, ಬಸ್ ನಿಲ್ದಾಣದ ದಾರಿಯಲ್ಲಿ, ನಾನು ನಿಮ್ಮ ಕೈ ಹಿಡಿದಿದ್ದೆ. ಗೊತ್ತಾ?"

ಅವನ ಮುಖ ಬಿಳಿಚಿತು. ಆಮೇಲೆ ಅವನ ಕಣ್ಣೂ ತುಂಬಿಬಂತು.

"ಹಿಡಿದಿದ್ರಾ?... ನನಗೆ... ನನಗೆ ಗೊತ್ತೇ ಆಗ್ಲಿಲ್ಲ. ಅಯ್ಯೋ, ಅದೊಂದು ದಿನಕ್ಕೆ ನಾನು ಮೂರು ವರ್ಷ ಕಾದಿದ್ದೆ ಕಣ್ರೀ..."

ಒಳಗಿನಿಂದ ಪಾತ್ರೆಯ ಸದ್ದು ನಿಂತುಹೋಯಿತು. ತಾಯಿ ಬೇಕೆಂದೇ ಮತ್ತೆ ನಲ್ಲಿ ತಿರುಗಿಸಿದರು.

ಅವನ ಮನೆಯ ಟೀವಿಗೆ ಅವಳು ಯಂತ್ರ ಜೋಡಿಸಿದಳು. ಪರದೆಯ ಮೇಲೆ ಬೆಂಚು, ಕಂಡಕ್ಟರಮ್ಮ, ಅವಳ ಪ್ರಶ್ನೆ. ಅವನು ಒಂದೊಂದೇ ಸಾಲು ಓದಿದ. ಅವಳು ಗುಂಡಿ ಒತ್ತದೆ ಕಾದಳು. ಗುಂಡಿಗಳಲ್ಲಿ ಅರ್ಧವನ್ನು ಮತ್ತೆ ಬಲಗಡೆಗೆ ಹಾಕಿ, ಕಂಟ್ರೋಲರನ್ನು ಇಬ್ಬರ ನಡುವೆ ಹಿಡಿದಳು. ಎಡಗಡೆ ಅವನ ಎಡಗೈ, ಬಲಗಡೆ ಅವಳ ಬಲಗೈ.

"ಒತ್ತಿ ಮತ್ತೆ," ಎಂದಳು.

"ತಾಳಿ. ಮೊದಲು ನಾನು ಕೇಳಬೇಕು." ಅವನು ಗಂಟಲು ಸರಿಮಾಡಿಕೊಂಡ. "ಈ ಕೈ ವಾಪಸ್ ಬರದೇ ಹೋಗಬಹುದು. ಎಲ್ಲಾ ನಿಧಾನ ಆಗುತ್ತೆ, ಈಗಿರೋದಕ್ಕಿಂತಲೂ ನಿಧಾನ. ಆದ್ರೂ... ನನ್ನ ಜೊತೆ ಬರ್ತೀಯಾ?"

ಮೂರು ವರ್ಷದಲ್ಲಿ ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಇಷ್ಟು ಕೇಳೋಕೆ ಏಳು ತಿಂಗಳಾ ಆಮೆರಾಯರೇ?" ಅವಳು ಅಳುತ್ತಲೇ ನಕ್ಕಳು. "ಬರ್ತೀನಿ. ಕೊನೇ ತನಕ ಬರ್ತೀನಿ. ಒಂದು ಸಾಲೂ ಹಾರಿಸಲ್ಲ."

ಅವಳು ತನ್ನ ಎಡಗೈ ಚಾಚಿ, ಅವನ ಮಡಿಲಲ್ಲಿ ಸುಮ್ಮನಿದ್ದ ಬಲಗೈಯನ್ನು ಎತ್ತಿಕೊಂಡು ಬೆರಳುಗಳ ನಡುವೆ ಬೆರಳು ಸೇರಿಸಿದಳು.

"ಅದು ಬೇಡ ಗಡಿಬಿಡಿ... ಆ ಕೈಯಲ್ಲಿ ನನಗೇನೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ," ಎಂದಳು ಅವಳು. "ಬೆಚ್ಚಗಿದೆ."